ಬೇಡ ಎನ್ನಲಾರದವರ ಇಸ್ತ್ರಿ ಪೆಟ್ಟಿಗೆ

ನನ್ನ ಮೇಲೆ ಕೈಯಿಟ್ಟು ಒಂದು ಮಾತು ಕೊಟ್ಟಿದ್ದರು. ಇಪ್ಪತ್ತು ವರ್ಷದ ಹಿಂದೆ, ಆಯುಧಪೂಜೆಯ ದಿನ. ಹುಣಸೆಹಣ್ಣು ಹಚ್ಚಿ ನನ್ನನ್ನು ತಿಕ್ಕಿ ತೊಳೆದು, ವಿಭೂತಿ ಬಳಿದು, ಮಣೆಯ ಮೇಲೆ ಕೂರಿಸಿ, ಮುಚ್ಚಳಕ್ಕೆ ಒಂದು ಚೆಂಡುಹೂ ಇಟ್ಟಿದ್ದರು. ಚೆನ್ನಾಜಮ್ಮ ಎಳೆಗೂಸನ್ನು ಎಡಗೈಯಲ್ಲಿ ಎತ್ತಿಕೊಂಡು ಬಂದು, ಬಲಗೈಯಲ್ಲಿ ನನ್ನ ಹಿಡಿಯನ್ನು ಹಿಡಿದು ಗಂಡನಿಗೆ ಹೇಳಿದಳು:

“ಈ ಹಿಡಿ ನನ್ ಮಗಳ ಕೈಗೆ ಹೋಗಕ್ಕಿಲ್ಲ. ಇವತ್ತೇ ಹೇಳಿವ್ನಿ.”

ಗಂಡ ಮಾಚಯ್ಯ ನಕ್ಕ. “ಪೂಜೆ ದಿನಾನೂ ಬೈಸ್ಕೊಳೋ ಯೋಗ ನೋಡು ಇದುಕ್ಕೆ” ಅಂದ. ಆಮೇಲೆ ಅವನೂ ಅವಳ ಕೈಯ ಮೇಲೆ ಕೈಯಿಟ್ಟ. ನನಗೆ ಬೇಸರವಾಗಲಿಲ್ಲ. ನನ್ನ ಭಾರ ಎಷ್ಟೆಂದು ನನಗೇ ಗೊತ್ತು.

ನಾನು ಒಂದು ಇದ್ದಿಲಿನ ಇಸ್ತ್ರಿ ಪೆಟ್ಟಿಗೆ. ಹುಟ್ಟಿದ್ದು ನಾಗಮಂಗಲದ ಒಂದು ಎರಕದ ಮನೆಯಲ್ಲಿ. ಮರಳಿನ ಅಚ್ಚಿಗೆ ಕಾದ ಹಿತ್ತಾಳೆ ಸುರಿದು, ಆರಿದ ಮೇಲೆ ಅರದಿಂದ ಉಜ್ಜಿ, ಮೇಲೊಂದು ಮರದ ಹಿಡಿ ಕೂರಿಸಿದರು. ಮುಚ್ಚಳದ ಅಗುಳಿಯನ್ನು ಹುಂಜದ ಆಕಾರದಲ್ಲಿ ಮಾಡಿದರು. ಆ ಹುಂಜ ಒಂದು ದಿನವೂ ಕೂಗಲಿಲ್ಲ. ನಮ್ಮ ಮನೆಯ ಉಳಿದವರೂ ಹೆಚ್ಚು ಕೂಗಿದವರಲ್ಲ.

ನನ್ನನ್ನು ಕೊಂಡವನು ಮಾಚಯ್ಯನ ಅಪ್ಪ ಸಿದ್ದಯ್ಯ. ಮೈಸೂರಿನ ಹಳೆಯ ಬೀದಿಯೊಂದರ ಮನೆಮನೆಗೆ ಹೋಗಿ, ಜಗುಲಿಯ ಮೇಲೆ ಕಂಬಳಿ ಹಾಸಿ ಇಸ್ತ್ರಿ ಮಾಡುತ್ತಿದ್ದ. ಕುಡಿಯಲು ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. ಅವನು ಮಡಿ ಮಾಡಿಕೊಟ್ಟ ಬಟ್ಟೆಯನ್ನು ಉಟ್ಟುಕೊಂಡೇ ಹೊಯ್ಯುತ್ತಿದ್ದರು. ಅವನ ನಂತರ ಮಾಚಯ್ಯ ತಳ್ಳುವ ಗಾಡಿ ಮಾಡಿಸಿ, ಹೊಸ ಬಡಾವಣೆಯ ಅಪಾರ್ಟ್‌ಮೆಂಟೊಂದರ ಕಾಂಪೌಂಡ್ ಗೋಡೆಯ ಪಕ್ಕ ಹೊಂಗೆ ಮರದ ಕೆಳಗೆ ನಿಂತ. ಮಗಳು ಸಿಂಚನ ಇನ್ನೂ ಸ್ಕೂಲಿಗೆ ಸೇರುವ ಮೊದಲೇ ಅವನ ಎದೆ ಕಟ್ಟಿತು, ಹೋದ. ಅವನು ಹೋದ ಹನ್ನೆರಡನೆಯ ದಿನಕ್ಕೆ ಚೆನ್ನಾಜಮ್ಮ ಗಾಡಿಯ ಹಿಂದೆ ನಿಂತಳು. ಅವಳ ಬಲಭುಜ ಎಡದಕ್ಕಿಂತ ಕೆಳಗೆ ಜಾರಿದ್ದು ನನ್ನಿಂದ.

ಮಗಳನ್ನು ನನ್ನಿಂದ ದೂರ ಇಡಲು ಅವಳು ಒಂದು ಕಟ್ಟಳೆ ಮಾಡಿದ್ದಳು. ದಾರಿಯಲ್ಲಿ ಎದುರಾದರೆ ಮಾತಾಡಿಸುವ ಹಾಗಿಲ್ಲ, ಅವ್ವ ಅನ್ನುವ ಹಾಗಿಲ್ಲ. ಕಾಲೇಜಿನವರ ಜೊತೆಗಿದ್ದರಂತೂ ಈ ಕಡೆ ತಿರುಗಲೇಬಾರದು. ಸಿಂಚನ ಅತ್ತಳು, ಜಗಳವಾಡಿದಳು. ತನಗೇನೂ ನಾಚಿಕೆಯಿಲ್ಲ ಅಂದಳು. ನಿನಗಿಲ್ಲದಿದ್ದರೆ ಬೇಡ, ನೋಡುವವರ ಕಣ್ಣಿಗೆ ಇರುತ್ತಲ್ಲ ಅಂದಳು ತಾಯಿ. ಇಂಥ ತಪ್ಪು ಲೆಕ್ಕವನ್ನು ನಮ್ಮಂಥವರು ಮಾತ್ರ ಹಾಕುತ್ತಾರೆ. ಮಗುವನ್ನು ಮೇಲೆ ಹತ್ತಿಸಬೇಕೆಂದು ನಾವೇ ಕೆಳಗೆ ಇಳಿದು ಬಚ್ಚಿಟ್ಟುಕೊಳ್ಳುತ್ತೇವೆ.

ಸಿಂಚನ ಬಿ.ಎ. ಎರಡನೆಯ ವರ್ಷದಲ್ಲಿದ್ದಾಗ ಸಮಾಜಶಾಸ್ತ್ರದ ಮೇಡಂ ಒಂದು ಪ್ರಾಜೆಕ್ಟ್ ಕೊಟ್ಟರು. ಯಾವುದಾದರೂ ಒಂದು ಜನಸಮೂಹವನ್ನು ಆರಿಸಿಕೊಳ್ಳಿ, ನಿಮ್ಮದಲ್ಲದ ಗುಂಪಾಗಿರಲಿ, ಕೆಲವು ದಿನ ಅವರ ನಡುವೆ ಕೂತು ನೋಡಿ ಬರೆಯಿರಿ ಎಂದು. ಸಿಂಚನಳ ತಂಡದಲ್ಲಿ ಇನ್ನಿಬ್ಬರಿದ್ದರು: ಅನಿರುದ್ಧ, ಪ್ರಾರ್ಥನಾ. ಅನಿರುದ್ಧನ ಮನೆ ನಮ್ಮ ಬೆನ್ನ ಹಿಂದಿನ ಅಪಾರ್ಟ್‌ಮೆಂಟಿನಲ್ಲೇ. ಅವನಪ್ಪ ಅಲ್ಲಿನ ಸಂಘದ ಸೆಕ್ರೆಟರಿ. ಹಾಗಾಗಿ ಮೂವರೂ ನಮ್ಮ ಎದುರಿನ ಮೋರಿಕಟ್ಟೆಯ ಮೇಲೆ ಕೂತು ಚರ್ಚೆ ಮಾಡುತ್ತಿದ್ದರು. ಸಿಂಚನ ನಮಗೆ ಬೆನ್ನು ಹಾಕಿ ಕೂರುತ್ತಿದ್ದಳು. ಕಟ್ಟಳೆ ಹಾಗಿತ್ತು.

ಮೊದಲು ಅವರು ಆರಿಸಿದ್ದು ಪಾರ್ಕಿನಲ್ಲಿ ಬೆಳಿಗ್ಗೆ ನಡೆಯುವವರ ಕೂಟವನ್ನು. ಬೇರೆ ಬೇರೆ ಊರಿನವರು ಬೂಟು ಹಾಕಿಕೊಂಡ ತಕ್ಷಣ ಹೇಗೆ ಒಂದೇ ಗುಂಪಾಗುತ್ತಾರೆ ಅಂತ ಬರೆಯೋಣ ಅಂದವಳು ಸಿಂಚನ. ಆ ಹಿರಿಯರು ಯಾವ ಕಾಲೇಜು, ಪ್ರಿನ್ಸಿಪಾಲರ ಪತ್ರ ಎಲ್ಲಿ ಎಂದು ಕೇಳಿ, ನಾವೇನು ಝೂನಲ್ಲಿದ್ದೀವಾ ಅಂತ ಕಳಿಸಿದರು. ಆಮೇಲೆ ಭರತನಾಟ್ಯದ ಕ್ಲಾಸಿನ ಹೊರಗೆ ಕಾಯುವ ತಾಯಂದಿರ ಹತ್ತಿರ ಹೋದರು. ಅವರೂ ಆಗಲ್ಲ ಅಂದರು. ವಾಪಸ್ ಬಂದು ಕಟ್ಟೆಯ ಮೇಲೆ ಸೋತು ಕೂತಾಗ ಅನಿರುದ್ಧನ ಕಣ್ಣು ಸುತ್ತಾಡಿ ನಮ್ಮ ಮೇಲೆ ನಿಂತಿತು.

“ಇವ್ರನ್ನೇ ತಗೊಳ್ಳೋಣ. ದಿನಾ ಇಲ್ಲೇ ಇರ್ತಾರೆ. ಬೇಡ ಅನ್ನಲ್ಲ.”

ನನ್ನೊಳಗೆ ಆಗತಾನೇ ಹೊಸ ಇದ್ದಿಲು ತುಂಬಿದ್ದರು. ಅದು ಹೊತ್ತಿಕೊಳ್ಳುವ ಮೊದಲೇ ನಾನು ಕಾದೆ. ಆರಿಸುವುದೆಂದರೆ ಇಷ್ಟೇ. ಬೇಡ ಎನ್ನಬಲ್ಲವರನ್ನೆಲ್ಲ ಒಬ್ಬೊಬ್ಬರಾಗಿ ಕಳೆದರೆ ಕೊನೆಗೆ ಉಳಿಯುವವರೇ ಜನಸಮೂಹ. ಅದು ಬಿಟ್ಟು ಇನ್ಯಾವ ಶಾಸ್ತ್ರವೂ ಅಲ್ಲಿ ನನಗೆ ಕಾಣಲಿಲ್ಲ.

ಸಿಂಚನ ಬೇರೆ ಯಾರನ್ನಾದರೂ ನೋಡೋಣ ಅಂದಳು. ಯಾಕೆ ಎಂದು ಇಬ್ಬರೂ ಕೇಳಿದರು. ಅವಳು ಮೊದಲ ಸಲ ನಮ್ಮತ್ತ ತಿರುಗಿದಳು. ಚೆನ್ನಾಜಮ್ಮ ತಲೆಯೆತ್ತದೆ, ಬೂದಿ ಉದುರಿಸುವವಳಂತೆ ನನ್ನನ್ನು ಅಡ್ಡಡ್ಡ ಅಲ್ಲಾಡಿಸಿದಳು. ಬೇಡ, ಬಾಯಿ ಬಿಡಬೇಡ. ಮಗಳಿಗೆ ಅರ್ಥವಾಯಿತು. ಮತ್ತೆ ನಮಗೆ ಬೆನ್ನು ಹಾಕಿ ಕೂತಳು.

ಆಮೇಲೆ ದಿನಾ ಬಂದರು. ನೀರು ಚಿಮುಕಿಸುವುದನ್ನು ಚಿತ್ರ ತೆಗೆದರು, ಬೆವರು ಒರೆಸುವುದನ್ನು ತೆಗೆದರು. ಅವಳು ತಂಗಳು ಮುದ್ದೆಯ ಡಬ್ಬಿ ಬಿಚ್ಚಿದಾಗ ಹತ್ತಿರ ಬಂದು ತೆಗೆದರು. ಆಂಟಿ, ನಾವು ಇಲ್ಲ ಅಂದ್ಕೊಳ್ಳಿ ಅನ್ನುತ್ತಿದ್ದರು. ಗಾಡಿಯ ಮುಂದೆ ಮೂವರು ನಿಂತಿರುವಾಗ ಇಲ್ಲ ಅಂದುಕೊಳ್ಳುವುದು ಹೇಗೆ? ಇಲ್ಲದಂತೆ ಇದ್ದು ರೂಢಿಯಿರುವುದು ನಮಗೆ, ಅವರಿಗಲ್ಲ. ನಿಮ್ಮ ಜಾತಿಯವರು ಬೇರೆ ಕೆಲಸ ಮಾಡಲ್ವಾ ಎಂದು ಪ್ರಾರ್ಥನಾ ಕೇಳಿದಳು. ಕೆಟ್ಟ ಹುಡುಗಿಯಲ್ಲ, ಮೆತ್ತಗೇ ಕೇಳಿದಳು. ಮೆತ್ತಗೆ ಕೇಳಿದ್ದಕ್ಕೇ ನನಗೆ ಇನ್ನೂ ಉರಿಯಿತು. ಬರೆದುಕೊಳ್ಳುವ ಕೆಲಸ ಸಿಂಚನಳದು. ಅವಳ ಅಕ್ಷರ ದುಂಡಗಿತ್ತಂತೆ.

ಒಂದು ದಿನ ಅನಿರುದ್ಧ ಕೇಳಿದ: “ಆಂಟಿ, ನಿಮಗೆ ಮಕ್ಕಳು?”

ಚೆನ್ನಾಜಮ್ಮ ಒಂದು ಶರಟಿನ ಕಾಲರಿನ ಮೇಲೆ ನನ್ನನ್ನು ಒತ್ತಿ ಹಿಡಿದಿದ್ದಳು. ಎತ್ತಲಿಲ್ಲ.

“ಇಲ್ಲ ಕಣಪ್ಪ.”

ಸಿಂಚನಳ ಪೆನ್ನು ನಿಂತಿತು. ತಾಯಿ ಅವಳ ಕಡೆ ನೋಡಿ, ಪರಕೀಯಳಿಗೆ ಹೇಳುವಂತೆ ಹೇಳಿದಳು: “ಬರ್ಕೊ ತಾಯಿ, ಇಲ್ಲ ಅಂತ.”

ಅವಳು ಬರೆದುಕೊಂಡಳು. ಕಾಲರಿನ ಮೇಲೆ ಕಂದು ಗುರುತು ಬಿತ್ತು. ಚೆನ್ನಾಜಮ್ಮನ ಕೈಯಲ್ಲಿ ನಾನು ಸುಟ್ಟ ಮೊದಲ ಬಟ್ಟೆ ಅದು.

ಪ್ರಾಜೆಕ್ಟ್ ಕೊಡಲು ಎರಡೇ ದಿನ ಉಳಿದಿದ್ದಾಗ ಆಯುಧಪೂಜೆ ಬಂತು. ಅಂದು ನಮ್ಮವರು ಯಾರೂ ಇಸ್ತ್ರಿ ಪೆಟ್ಟಿಗೆಗೆ ಬೆಂಕಿ ಹಾಕುವುದಿಲ್ಲ. ವರ್ಷವೆಲ್ಲ ಸುಡುವ ಹೊಟ್ಟೆಗೆ ಅದೊಂದು ದಿನ ತಂಪು. ಗಾಡಿಯನ್ನೂ ತೊಳೆದು, ಅದರ ಮೇಲೇ ಮಣೆಯಿಟ್ಟು ನನ್ನನ್ನು ಕೂರಿಸಿದ್ದರು. ಹೂವಿಟ್ಟು, ನಿಂಬೆಹಣ್ಣು ಕುಯ್ದಿದ್ದರು. ಮೂವರೂ ಬಂದರು. ಕೆಂಡ ಉರಿಯುವ ವಿಡಿಯೋ ಸರಿಯಾಗಿ ಬಂದಿಲ್ಲ, ಒಂದೇ ಸಲ ಹಚ್ಚಿ ತೋರಿಸಿ ಎಂದ ಅನಿರುದ್ಧ. ನಾಳೆ ಬಾರಪ್ಪ, ಇವತ್ತು ಹಚ್ಚಬಾರದು ಅಂದಳು ಚೆನ್ನಾಜಮ್ಮ. ನಾಳೆಗೆ ತಡವಾಗುತ್ತೆ ಅಂದ. ಆಮೇಲೆ, ಅವನ ಮನಸ್ಸಿಗೆ ಅದು ಉಪಕಾರದ ಮಾತೇ ಇರಬೇಕು, ನಿಮ್ಮ ಗಾಡಿ ವಿಷಯ ಮೀಟಿಂಗಲ್ಲಿ ಬಂದಾಗೆಲ್ಲ ಅಪ್ಪನೇ ಸಮಾಧಾನ ಮಾಡೋದು ಆಂಟಿ ಎಂದು ಸೇರಿಸಿದ.

ಅವಳು ಒಂದು ಕ್ಷಣ ನನ್ನನ್ನು ನೋಡಿದಳು. ಮುಚ್ಚಳದ ಹೂವನ್ನು ತೆಗೆದು ಪಕ್ಕಕ್ಕಿಟ್ಟಳು. ಇದ್ದಿಲಿನ ಚೀಲಕ್ಕೆ ಕೈ ಹಾಕಿದಳು.

ಸಿಂಚನ ಬಂದು ಚೀಲದ ಬಾಯಿಯನ್ನು ಮುಷ್ಟಿಯಲ್ಲಿ ಹಿಡಿದಳು. ನನ್ನನ್ನು ಮುಟ್ಟಲಿಲ್ಲ. ನನ್ನ ಹಿಡಿಯ ಮೇಲೆ ಕೊಟ್ಟ ಆ ಮಾತು ಅವಳಿಗೂ ಗೊತ್ತಿತ್ತು.

“ಬುಡವ್ವ” ಅಂದಳು. ಆಮೇಲೆ ಆ ಇಬ್ಬರ ಕಡೆ ತಿರುಗಿ, “ಇವ್ರು ನಮ್ಮವ್ವ. ಮಕ್ಕಳಿಲ್ಲ ಅಂತ ಬರೆದಿರೋದು ಸುಳ್ಳು. ಹೊಡೆದಾಕಿ” ಅಂದಳು.

ಪ್ರಾರ್ಥನಾ ನೆಲ ನೋಡಿದಳು. ಮೊದಲೇ ಹೇಳಿದ್ದರೆ ಇನ್ನೂ ಒಳಗಿನ ವಿಷಯ ಸಿಗುತ್ತಿತ್ತಲ್ಲ ಎಂದ ಅನಿರುದ್ಧ. ಅವರು ಹೋದ ಮೇಲೆ ಚೆನ್ನಾಜಮ್ಮ ಮಗಳನ್ನು ಅಪ್ಪಿಕೊಳ್ಳಲಿಲ್ಲ. “ಯಾರ್ ಕೇಳುದ್ರೇ ನಿನ್ನ? ಇಷ್ಟ್ ವರ್ಷ ತಡ್ಕಂಡಿದ್ದು ಯಾತುಕ್ಕೆ?” ಎಂದು ಬೆನ್ನಿಗೆ ಗುದ್ದಿದಳು. ಗುದ್ದಿದ ಕೈಯನ್ನು ಅಲ್ಲೇ ಬಿಟ್ಟಳು.

ಸಿಂಚನ ತಂಡ ಬಿಟ್ಟಳು. ಮೇಡಂ ಹತ್ತಿರ ಕೆಲವು ದಿನದ ಗಡುವು ಪಡೆದು, ಬೆಳಿಗ್ಗೆ ಪಾರ್ಕಿನಲ್ಲಿ ಕೂತು ನೋಡಿ ಬಂದು, ಮೋರಿಕಟ್ಟೆಯ ಮೇಲೆ ಒಬ್ಬಳೇ ಕೂತು, ಅಲ್ಲಿ ನಡೆಯುವವರ ಬಗ್ಗೆಯೇ ಬರೆದಳು. ಯಾರನ್ನೂ ಕೇಳಲಿಲ್ಲ. ಮೇಡಂ ಅದನ್ನು ವಾಪಸ್ ಕೊಟ್ಟರು. ಒಪ್ಪಿಗೆ ಇಲ್ಲದೆ ಜನರನ್ನು ಹೀಗೆ ಗಮನಿಸಿ ಬರೆಯುವುದು ತಪ್ಪು ಎಂದರಂತೆ. ನಮ್ಮವ್ವನ್ನ ಯಾರು ಕೇಳಿದ್ದರು ಎಂದು ಇವಳು ಕೇಳಿದಳಂತೆ. ಅದು ಬೇರೆ, ಅವರು ಸಾರ್ವಜನಿಕ ಜಾಗದಲ್ಲಿದ್ದರಲ್ಲ ಎಂದರಂತೆ. ಪಾರ್ಕು ಯಾರ ಮನೆಯ ಹಿತ್ತಿಲೋ ನನಗೆ ತಿಳಿಯದು. ಆ ಪೇಪರಿನಲ್ಲಿ ಸಿಂಚನ ಫೇಲಾದಳು. ಅನಿರುದ್ಧನದಕ್ಕೆ ಬಹುಮಾನ ಬಂತು.

ಅವನ ವಿಡಿಯೋವನ್ನು ಅಪಾರ್ಟ್‌ಮೆಂಟಿನ ರಾಜ್ಯೋತ್ಸವದಲ್ಲಿ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಂತರ ಯಾರೋ ಒಬ್ಬರು, ಆ ಗಾಡಿ ನಮ್ಮ ಗೋಡೆ ಪಕ್ಕ ಯಾರ ಪರ್ಮಿಷನ್ನಿಂದ ನಿಂತಿದೆ ಎಂದು ಕೇಳಿದರು. ಇಷ್ಟು ವರ್ಷ ಹೆಚ್ಚಿನವರ ಕಣ್ಣಿಗೆ ಬೀಳದಿದ್ದುದು ಪರದೆಯ ಮೇಲೆ ದೊಡ್ಡದಾಗಿ ಕಂಡಿತ್ತು. ಒಂದೇ ವಾರದಲ್ಲಿ ಗಾಡಿ ಎತ್ತಿಸಿದರು.

ಈಗ ನಾನು ತಾಯಿ ಮಗಳ ಬಾಡಿಗೆ ಮನೆಯ ಮೂಲೆಯಲ್ಲಿ, ಹಳೆಯ ಕಂಬಳಿ ಹಾಸಿದ ಮೇಜಿನ ಮೇಲಿದ್ದೇನೆ. ಮುಚ್ಚಳದ ತಿರುಗುಣಿ ಸಡಿಲವಾಗಿದೆ, ಹಿಡಿಗೆ ಬಟ್ಟೆ ಸುತ್ತಿದ್ದಾರೆ. ಚೆನ್ನಾಜಮ್ಮ ದೂರದ ಬಡಾವಣೆಗಳಿಗೆ ನಡೆದು, ಬಾಗಿಲು ಬಾಗಿಲು ತಟ್ಟಿ ಗಂಟು ತರುತ್ತಾಳೆ. ತಂದು ಹಾಕುವಷ್ಟರಲ್ಲಿ ಭುಜ ಏಳುವುದಿಲ್ಲ. ಒಂದು ಸಂಜೆ ನನ್ನನ್ನು ಎತ್ತಲು ಹೋಗಿ ಎತ್ತಲಾರದೆ ಗೋಡೆಗೆ ಒರಗಿದಳು. ಸಿಂಚನ ಪುಸ್ತಕ ಮುಚ್ಚಿಟ್ಟು ಎದ್ದಳು. ತಾಯಿ ಬೇಡ ಅಂದಳು, ಮತ್ತೊಮ್ಮೆ ಬೇಡ ಅಂದಳು. ಮೂರನೆಯ ಸಲ ಅನ್ನಲಿಲ್ಲ.

ಹೊಸ ಕೈ ನನ್ನ ಹಿಡಿಯನ್ನು ಹಿಡಿಯಿತು. ಮಾತು ಮುರಿಯಿತು.