ಕಿವಿಯ ಹಿಂದಿನ ಏಟು

ಹೊಮೊವೊ ಹಬ್ಬಕ್ಕೆ ಮುಂಚೆ ಒಂದು ತಿಂಗಳು ಅಕ್ರಾ ನಗರದ ನಮ್ಮ ಬುಕೋಮ್ ಕೇರಿಯಲ್ಲಿ ಸದ್ದು ಮಾಡುವಂತಿಲ್ಲ. ಪೂಜಾರಿಗಳು ಸಜ್ಜೆ ಬಿತ್ತಿರುತ್ತಾರೆ. ಅದು ಮೊಳೆತು ಮೇಲೇಳುವ ತನಕ ಡೋಲು ಬಡಿಯಬಾರದು, ಮೈಕು ಹಾಕಬಾರದು, ಮದುವೆ ಮನೆಯವರೂ ಕಳ್ಳರ ಹಾಗೆ ಪಿಸುಗುಟ್ಟಿಕೊಂಡೇ ಕುಣಿಯಬೇಕು. ಬಾಕ್ಸಿಂಗ್ ಗರಡಿಗಳಿಗೂ ಇದೇ ಕಟ್ಟಳೆ. ಲಾರಿಯಾ ಅವರ ಗರಡಿಯಲ್ಲಿ ಗಂಟೆಗೆ ಹಳೇ ಅಂಗಿಯೊಂದನ್ನು ಸುತ್ತಿ ಮೂಲೆಗಿಟ್ಟಿದ್ದರು. ಸುತ್ತು ಮುಗಿದ ಕೂಡಲೇ ಲಾರಿಯಾ ಒಂದು ಕೆಂಪು ಬಟ್ಟೆ ಎತ್ತಿ ಹಿಡಿಯುತ್ತಿದ್ದರು, ಅಷ್ಟೇ.

ಬಟ್ಟೆಗೆ ಬೆನ್ನು ಮಾಡಿ ನಿಂತವನಿಗೆ ಅದು ಹೇಗೆ ಕಾಣಬೇಕು, ಪಾಪ? ಅದಕ್ಕೂ ಒಂದು ನೇಮವಿತ್ತು. ಮೊದಲು ಕಂಡವನು ಎರಡೂ ಗ್ಲೌಸುಗಳನ್ನು ಅಂಗೈ ಮೇಲಾಗಿ ಎದುರಾಳಿಗೆ ತೋರಿಸಬೇಕು, ಅವನು ಕೈ ಇಳಿಸುವ ತನಕ ಅವನ ಮುಂದೆಯೇ ನಿಲ್ಲಬೇಕು. ಇದಕ್ಕಿಂತ ಸುಲಭದ ನೇಮ ಇನ್ನೊಂದಿಲ್ಲ. ಆದರೆ ತೇಕೊಗೆ ಆ ಸಂಜೆ ವಿಪರೀತ ಬಾಯಾರಿಕೆಯಾಗಿತ್ತು.

ತೇಕೊ ಎಂದರೆ ಗರಡಿಯ ಹೆಮ್ಮೆ. ಇಪ್ಪತ್ತಾರು ವರ್ಷ, ಹದಿನಾಲ್ಕು ಪಂದ್ಯ, ಒಂದೂ ಸೋತಿಲ್ಲ. ಇನ್ನು ಮೂರು ವಾರಕ್ಕೆ ಕುಮಾಸಿಯಲ್ಲಿ ದೇಶದ ಪಟ್ಟಕ್ಕೆ ಅವನ ಪಂದ್ಯ. ಅವನ ಜೊತೆ ಆ ಸಂಜೆ ಅಭ್ಯಾಸಕ್ಕೆ ನಿಂತಿದ್ದವನು ಓದಾರ್ತೆ. ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವನು, ಮಾತು ಕಮ್ಮಿ, ಸೋಲು ಜಾಸ್ತಿ. ತೇಕೊಗೆ ಏನಾದರೂ ಆದರೆ ಕುಮಾಸಿಗೆ ಹೋಗಬೇಕಾದ ಬದಲಿ ಆಳು ಅವನೇ. ನಾಲ್ಕು ವರ್ಷದಿಂದ ಬದಲಿ ಆಳಾಗಿಯೇ ಉಳಿದಿದ್ದಾನೆ, ಯಾರಿಗೂ ಏನೂ ಆಗಿಲ್ಲ.

ಮೂರನೇ ಸುತ್ತಿನ ಕೊನೆಗೆ ಕೆಂಪು ಬಟ್ಟೆ ಮೇಲೆದ್ದಿತು. ತೇಕೊಗೆ ಅದು ಕಂಡಿತು, ಓದಾರ್ತೆಗೆ ಕಾಣಲಿಲ್ಲ. ತೇಕೊ ಗ್ಲೌಸು ತೋರಿಸಲಿಲ್ಲ. ಮುಗೀತಲ್ಲ ಎಂದುಕೊಂಡು ನೀರಿನ ಕಡೆ ತಿರುಗಿದ. ಓದಾರ್ತೆಯ ಬಲಗೈ ಆಗಲೇ ಹೊರಟಿತ್ತು. ಮುಖವಿದ್ದ ಜಾಗದಲ್ಲಿ ಈಗ ತಲೆಯ ಹಿಂಭಾಗವಿತ್ತು. ಏಟು ಬಲಗಿವಿಯ ಹಿಂದೆ ಬಿತ್ತು, ತೇಕೊನ ಮಂಡಿ ನೆಲ ಮುಟ್ಟಿತು.

ಲಾರಿಯಾ ಆಗ ಗಡಿಯಾರ ನೋಡುತ್ತಿದ್ದರು. ಉಳಿದವರು ಚೀಲಕ್ಕೆ ಗುದ್ದುತ್ತಿದ್ದರು. ನೋಡಿದವರು ಯಾರೂ ಇಲ್ಲ.

"ಏನಾಯ್ತೋ?" ಎಂದರು ಲಾರಿಯಾ.

"ಕಾಲು ಜಾರ್ತು ಆಟಾ," ಎಂದ ತೇಕೊ ಎದ್ದು ನಿಲ್ಲುತ್ತ. ಕೇರಿಯಲ್ಲಿ ಹಿರಿಯರನ್ನು ಕರೆಯುವುದೇ ಹಾಗೆ, ಆಟಾ ಎಂದು. "ಬೆವರು ಬಿದ್ದಿದೆ ನೆಲದ ಮೇಲೆ, ಒರೆಸೋರೇ ಇಲ್ಲ."

ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ತಲೆಯ ಹಿಂದೆ ಹೊಡೆಯಬಾರದು, ಸುತ್ತು ಮುಗಿದ ಮೇಲೆ ಹೊಡೆಯಬಾರದು, ಬಿದ್ದವನಿಗೆ ಹೊಡೆಯಬಾರದು. ಅದರ ಕೆಳಗೆ ಇನ್ನೊಂದು ಸಾಲು. ತಲೆಗೆ ಏಟು ಬಿದ್ದು ಮಂಡಿ ನೆಲ ಮುಟ್ಟಿದವನು ವೈದ್ಯರಿಗೆ ತೋರಿಸಬೇಕು, ನಾಲ್ಕು ವಾರ ಗ್ಲೌಸು ಮುಟ್ಟಬಾರದು. ನಾಲ್ಕು ವಾರ. ಕುಮಾಸಿಗೆ ಇದ್ದದ್ದು ಮೂರೇ ವಾರ. ಆ ಸಾಲನ್ನು ತೇಕೊ ಓದದೆಯೇ ಬಲ್ಲ.

ಕೈಪಟ್ಟಿ ಬಿಚ್ಚುತ್ತಿದ್ದಾಗ ಓದಾರ್ತೆ ಪಕ್ಕಕ್ಕೆ ಬಂದು ನಿಂತ.

"ಕಿವಿ ಹಿಂದೆ ಬಿತ್ತು ಗುರೂ. ನಂಗೆ ಬಟ್ಟೆ ಕಾಣ್ಲಿಲ್ಲ. ಆಟಾಗೆ ಹೇಳ್ಬಿಡೋಣ."

"ಏನಂತ ಹೇಳ್ತೀಯ? ನಾಲ್ಕು ವರ್ಷದಲ್ಲಿ ಒಂದು ಏಟು ಸರಿಯಾಗಿ ಹೊಡ್ದೆ, ಅದೂ ಬೆನ್ನು ತಿರುಗಿಸಿದವನಿಗೆ ಅಂತಲಾ?"

"ತಮಾಷೆ ಅಲ್ಲ ಕಣೋ."

"ಲೋ, ನಿನ್ ಏಟಿಗೆ ಸೊಳ್ಳೇನೂ ಸಾಯಲ್ಲ. ಬಾಯಿ ಮುಚ್ಕೊಂಡು ಮನೆಗೆ ಹೋಗು."

ಓದಾರ್ತೆ ಹೋದ. ತೇಕೊ ಅದನ್ನು ಅಲ್ಲಿಗೇ ಮರೆತ. ಮರೆತನೋ, ಮರೆವೇ ಅವನನ್ನು ಹಿಡಿಯಿತೋ, ಆಗ ಯಾರಿಗೆ ಗೊತ್ತು.

ಮರುದಿನ ಮಧ್ಯಾಹ್ನ ತಾಯಿ ಕೋರ್ಲೆಯ ಅಂಗಡಿಯಲ್ಲಿ ಊಟಕ್ಕೆ ಕೂತಿದ್ದ. ಕೋರ್ಲೆ ಬೀದಿಯ ತಿರುವಿನಲ್ಲಿ ಕೆಂಕಿ ಮಾರುವವಳು. ಹುಳಿ ಬಂದ ಮೆಕ್ಕೆಜೋಳದ ಹಿಟ್ಟಿನ ಉಂಡೆ, ಹುರಿದ ಮೀನು, ಕರಿ ಖಾರ. ಅವಳ ಖಾರಕ್ಕಿಂತ ಅವಳ ನಾಲಿಗೆಯೇ ಖಾರ ಎಂದು ಕೇರಿಯವರು ಹೇಳುತ್ತಾರೆ, ಹೇಳಿಕೊಂಡೇ ಬಂದು ತಿನ್ನುತ್ತಾರೆ. ತೇಕೊನ ಎಡಗೈಯಿಂದ ಮೀನಿನ ತಟ್ಟೆ ಜಾರಿ ಬಿತ್ತು. ಇನ್ನೊಂದು ತಟ್ಟೆ ಕೊಟ್ಟಳು. ಅದೂ ಬಿತ್ತು.

"ಸತ್ತು, ಹುರಿದೂ ಆಗಿದೆ ಆ ಮೀನು. ಆದ್ರೂ ನಿನ್ ಕೈಲಿ ನಿಲ್ತಿಲ್ವಲ್ಲೋ."

"ತಲೆನೋವು ಅಮ್ಮಾ. ತೂಕ ಇಳಿಸ್ತಾ ಇದ್ದೀನಲ್ಲ, ಅದಕ್ಕೆ."

"ತೂಕ ಹೊಟ್ಟೇಲಿ ಇಳಿಸ್ತಾರೆ. ನೀನು ತಲೇಲಿ ಇಳಿಸಿದ ಹಾಗಿದೆ."

ತಾಯಿ ಮಾತಿಗೆ ನಕ್ಕ. ನಗುವಾಗ ಬಲಗಿವಿಯ ಹಿಂದೆ ಏನೋ ಒತ್ತಿ ಹಿಡಿದ ಹಾಗಾಯಿತು. ಊಟ ಬಿಟ್ಟು ಹೋಗಿ ಮಲಗಿದವನು ಸಂಜೆ ಅಭ್ಯಾಸಕ್ಕೆ ಎದ್ದದ್ದೇ ತಡವಾಯಿತು. ಅದರ ಮಾರನೇ ದಿನವೂ ಹಾಗೆಯೇ. ಗರಡಿಗೆ ಬಂದವನು ಒಂದೇ ಕಾಲಿಗೆ ಶೂ ಲೇಸು ಕಟ್ಟಿಕೊಂಡು ಎದ್ದು ನಿಂತ. ಹುಡುಗರು ನಕ್ಕರು, ಅವನೂ ನಕ್ಕ. ಓದಾರ್ತೆ ಮಾತ್ರ ನಗಲಿಲ್ಲ.

"ಬಂದರಲ್ಲಿ ಈ ಸಲ ಮೀನು ಹೇಗಿದೆಯೋ?" ಎಂದು ತೇಕೊ ಅವನನ್ನು ಕೇಳಿದ.

"ಈಗ ತಾನೇ ಹೇಳಿದ್ನಲ್ಲೋ. ಇದು ಮೂರನೇ ಸಲ ಕೇಳ್ತಿರೋದು ನೀನು."

ತೇಕೊಗೆ ಕೇಳಿದ ನೆನಪಿರಲಿಲ್ಲ. ಅವನಿಗೆ ಭಯವಾಯಿತು. ಭಯವಾದ್ದರಿಂದ ಸಿಟ್ಟು ಬಂತು, ಗಂಡಸರ ಹಣೆಬರಹವೇ ಅದು. "ಹೇಳೋಕೆ ಕಷ್ಟ ಆದ್ರೆ ಬಿಡು," ಎಂದು ಗ್ಲೌಸು ತೊಡಲು ಹೋದ.

ಓದಾರ್ತೆ ನೇರವಾಗಿ ಲಾರಿಯಾ ಬಳಿಗೆ ನಡೆದ. ಗರಡಿಯಲ್ಲಿ ಹನ್ನೆರಡು ಜನರಿದ್ದರು. ಸದ್ದಿಲ್ಲದ ತಿಂಗಳು ಬೇರೆ, ಅವನು ಮೆಲ್ಲಗೆ ಹೇಳಿದ್ದೂ ಎಲ್ಲರಿಗೂ ಕೇಳಿಸಿತು.

"ಆಟಾ, ಮೊನ್ನೆ ಅವನ ಕಾಲು ಜಾರ್ಲಿಲ್ಲ. ನಾನು ಹೊಡ್ದೆ. ನೀವು ಬಟ್ಟೆ ಎತ್ತಿದ ಮೇಲೆ, ಕಿವಿ ಹಿಂದೆ. ಅವನಿಗೆ ಹುಷಾರಿಲ್ಲ."

ಚೀಲಗಳಿಗೆ ಗುದ್ದುವುದು ನಿಂತಿತು. ಒಬ್ಬ ಶುರುಮಾಡಿದ: "ಓಹೋ, ಬದಲಿ ಆಳಿಗೆ ಕುಮಾಸಿ ದಾರಿ ಕಾಣಿಸ್ತು." ಇನ್ನೊಬ್ಬ ಸೇರಿಸಿದ: "ಹೊಡೆದು ಕೆಡವೋಕಾಗ್ಲಿಲ್ಲ, ಹೇಳಿ ಕೆಡವ್ತಾನೆ." ತೇಕೊ ಗ್ಲೌಸು ಎಸೆದು ಬಂದು ಓದಾರ್ತೆಯ ಬನಿಯನ್ನು ಹಿಡಿದುಕೊಂಡ.

"ಕೈಗೆ ಬಂದ ತುತ್ತು ಕಿತ್ಕೊಳ್ತೀಯೇನೋ? ಜೊತೇಲಿ ಉಂಡವನು ನೀನು."

"ನಾನು ಕುಮಾಸಿಗೆ ಹೋಗಲ್ಲ," ಎಂದ ಓದಾರ್ತೆ. "ಆಟಾ, ನನ್ನ ಹೆಸರೂ ಹೊಡೆದುಹಾಕಿ. ನಾನು ಹೊಡೆದದ್ದು ತಪ್ಪು ಏಟು, ಹಾಗೇ ಬಾಕ್ಸಿಂಗ್ ಮಂಡಳಿಗೆ ಬರೀರಿ. ಇವನನ್ನ ಮಾತ್ರ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ಇವತ್ತೇ."

ನಾಲ್ಕು ವರ್ಷ ಬಸ್ಸಿಗೆ ಕಾದವನು, ಬಸ್ಸು ಬಂದು ಎದುರಿಗೆ ನಿಂತಾಗ, ನಾನು ಹತ್ತುವುದಿಲ್ಲ ಎಂದ ಹಾಗೆ. ಆಡಿಕೊಳ್ಳುತ್ತಿದ್ದವರು ಮತ್ತೆ ಚೀಲಗಳ ಕಡೆ ತಿರುಗಿದರು.

ಲಾರಿಯಾ ತೇಕೊನ ಕಣ್ಣುಗಳನ್ನು ಬೆಳಕಿಗೆ ತಿರುಗಿಸಿ ನೋಡಿದರು. "ಕಣ್ಮುಚ್ಕೊಂಡು ಒಂಟಿ ಕಾಲಲ್ಲಿ ನಿಲ್ಲು," ಎಂದರು.

"ನಾನು ಸರಿಯಾಗೇ ಇದ್ದೀನಿ ಆಟಾ."

"ಸರಿಯಾಗಿರೋನಿಗೆ ನಿಲ್ಲೋಕೆ ಏನು ಕಷ್ಟ?"

ತೇಕೊ ಕಣ್ಣು ಮುಚ್ಚಿದ, ಕಾಲೆತ್ತಿದ. ಎರಡು ಎಣಿಸುವಷ್ಟರಲ್ಲಿ ಎಡಕ್ಕೆ ವಾಲಿದ. ಹಿಡಿದುಕೊಂಡವನು ಓದಾರ್ತೆಯೇ.

ಆಸ್ಪತ್ರೆಯ ಯಂತ್ರದಲ್ಲಿ ತಲೆಯ ಚಿತ್ರ ತೆಗೆದರು. ತಲೆಬುರುಡೆಗೂ ಮಿದುಳಿಗೂ ನಡುವೆ ರಕ್ತ ಜಿನುಗುತ್ತಿತ್ತು, ಎರಡು ದಿನದಿಂದ, ಸ್ವಲ್ಪಸ್ವಲ್ಪವಾಗಿ. ಅದೇ ರಾತ್ರಿ ಬುರುಡೆ ಕೊರೆದು ರಕ್ತ ತೆಗೆದರು. ಮುಗಿಸಿ ಹೊರಗೆ ಬಂದ ವೈದ್ಯೆ ಕೋರ್ಲೆಯನ್ನು ಕೂರಿಸಿ ಹೇಳಿದರು: "ಬದುಕ್ತಾನೆ ಅಮ್ಮ. ಆದ್ರೆ ಇವತ್ತು ಅಭ್ಯಾಸದಲ್ಲಿ ಇನ್ನೊಂದು ಏಟು ಬಿದ್ದಿದ್ರೆ, ಇಲ್ಲ ನೀವು ಇನ್ನೊಂದು ದಿನ ಬಿಟ್ಟು ಕರ್ಕೊಂಡು ಬಂದಿದ್ರೆ, ನನ್ನ ಕೈಲಿ ಏನೂ ಇರ್ತಿರಲಿಲ್ಲ. ಇನ್ಮೇಲೆ ಬಾಕ್ಸಿಂಗ್ ಇಲ್ಲ, ಅದನ್ನ ನೀವೇ ಹೇಳ್ಬೇಕು ಅವನಿಗೆ."

ಹೋದ ಜೀವ ಬಂದಂತಾಯಿತು ಕೋರ್ಲೆಗೆ. ಆದರೆ ಮಗನಿಗೆ ಹಾಗಾಗಲಿಲ್ಲ. ತಲೆ ಬೋಳಿಸಿಕೊಂಡು, ಹೊಲಿಗೆ ಹಾಕಿಸಿಕೊಂಡು ಮಲಗಿದ್ದವನು ಗೋಡೆಗೆ ಮುಖ ಮಾಡಿದ. ಓದಾರ್ತೆ ದಿನವೂ ಬಂದರಿನ ಕೆಲಸ ಮುಗಿಸಿ ಬಂದು ಬಾಗಿಲ ಹೊರಗೆ ಕೂರುತ್ತಿದ್ದ. "ಅವನ ಮುಖ ತೋರಿಸ್ಬೇಡಿ ನಂಗೆ," ಎನ್ನುತ್ತಿದ್ದ ತೇಕೊ. ಮನೆಗೆ ಬಂದ ಮೇಲೂ ಅದೇ ಮಾತು. ಕುಮಾಸಿಯ ಪಂದ್ಯಕ್ಕೆ ಬೇರೆ ಗರಡಿಯವನು ಹೋದ. ಮಂಡಳಿಯವರು ಓದಾರ್ತೆಗೆ ಎಂಟು ತಿಂಗಳು ಆಟ ನಿಲ್ಲಿಸಿದರು.

ಆ ಸುದ್ದಿಯನ್ನು ಕೋರ್ಲೆಯೇ ತಂದಳು. "ಎಂಟು ತಿಂಗಳಂತೆ. ತಾನೇ ಹೋಗಿ ಒಪ್ಕೊಂಡಿದ್ದಕ್ಕೆ ಎಂಟು ತಿಂಗಳು. ಸುಮ್ನಿದ್ದಿದ್ರೆ ಇಷ್ಟೊತ್ತಿಗೆ ಕುಮಾಸೀಲಿ ಹಾರ ಹಾಕಿಸ್ಕೊಳ್ತಿದ್ದ. ನೀನು ಮಣ್ಣಲ್ಲಿ ಇರ್ತಿದ್ದೆ."

ಕೆಂಪು ಬಟ್ಟೆ ಮೇಲೆದ್ದದ್ದು ತೇಕೊಗೆ ಚೆನ್ನಾಗಿ ನೆನಪಿತ್ತು. ಏಟಿನ ನಂತರದ್ದು ಎಷ್ಟೋ ಅಳಿಸಿಹೋಗಿದ್ದರೂ ಏಟಿಗೆ ಮುಂಚಿನದು ಒಂದೂ ಅಳಿಸಿರಲಿಲ್ಲ. ತಾನು ಕಂಡದ್ದು, ಕಂಡೂ ಗ್ಲೌಸು ತೋರಿಸದೆ ತಿರುಗಿದ್ದು. ಅದನ್ನು ಯಾರಿಗೂ ಹೇಳಿರಲಿಲ್ಲ. ಓದಾರ್ತೆಗೂ ಅದು ಗೊತ್ತಿರಲೇಬೇಕು, ಎದುರಿಗಿದ್ದವನು ಅವನಲ್ಲವೇ? ಆದರೂ ಅಷ್ಟು ಜನರ ಮುಂದೆ, ಬನಿಯನ್ನು ಹಿಡಿಸಿಕೊಂಡು ನಿಂತಾಗಲೂ, ಅವನು ಅದನ್ನು ಬಾಯಿಬಿಡಲಿಲ್ಲ. ತಪ್ಪನ್ನೆಲ್ಲ ಒಬ್ಬನೇ ಹೊತ್ತ, ಬುಟ್ಟಿ ಹೊತ್ತ ಹಾಗೆ. ಇದು ಹೊಳೆದಾಗ ತೇಕೊಗೆ ಎದೆ ತುಂಬಿ ಬಂತು. ತನ್ನ ಜೀವ ತನ್ನದಲ್ಲ, ಇನ್ನೊಬ್ಬ ತನ್ನ ಪಾಲಿನದನ್ನೆಲ್ಲ ಬಿಟ್ಟುಕೊಟ್ಟು ತನಗೆ ಕೊಡಿಸಿದ್ದು ಎಂದು ಮೊದಲ ಸಲ ಅನಿಸಿತು.

ಮರುದಿನ ಬೆಳಗ್ಗೆ ಎದ್ದವನೇ, ತಲೆಗೆ ಟೋಪಿ ಹಾಕಿಕೊಂಡು, ಲಾರಿಯಾ ಮನೆಗೆ ಹೋದ.

"ಆಟಾ, ನಾನು ಬಟ್ಟೆ ನೋಡಿದ್ದೆ. ಗ್ಲೌಸು ತೋರಿಸ್ಲಿಲ್ಲ. ಬೆನ್ನು ತಿರುಗಿಸಿದ್ದು ನಾನು."

ಲಾರಿಯಾ ಹಲ್ಲುಜ್ಜುವ ಕಡ್ಡಿಯನ್ನು ಬಾಯಿಂದ ತೆಗೆದರು. "ಇದನ್ನ ಅವತ್ತೇ ಹೇಳಿದ್ರೆ ಏನಾಗ್ತಿತ್ತೋ, ಕತ್ತೆ?"

"ಕುಮಾಸಿ ಹೋಗ್ತಿತ್ತು."

"ಹೋಗಿ ಅಂಗಿ ಬದಲಾಯಿಸ್ಕೊಂಡು ಬಾ. ಮಂಡಳಿಗೆ ಹೋಗೋಣ."

ಮಂಡಳಿಯವರ ಮುಂದೆ ತೇಕೊ ಟೋಪಿ ತೆಗೆದು ನಿಂತು ಹೇಳಿದ. ಎಂಟು ತಿಂಗಳು ಮೂರಕ್ಕೆ ಇಳಿಯಿತು. ಹೊರಗೆ ಮೆಟ್ಟಿಲ ಮೇಲೆ ಕಾಯುತ್ತಿದ್ದ ಓದಾರ್ತೆ ಎದ್ದು ನಿಂತ.

"ಬಂದರಲ್ಲಿ ಮೀನು ಹೇಗಿದೆಯೋ?" ಎಂದ ತೇಕೊ.

"ನಾಲ್ಕನೇ ಸಲ," ಎಂದ ಓದಾರ್ತೆ, ಹೇಳಿ ಅಳುವುದಕ್ಕೆ ಶುರುಮಾಡಿದ.

ಆಗಸ್ಟಿನಲ್ಲಿ ಹಬ್ಬ ಬಂತು. ಡೋಲುಗಳು ಮತ್ತೆ ಮೊಳಗಿದವು, ಹೊಸ ಮೆಕ್ಕೆಜೋಳದ ಅಡುಗೆಯಾಯಿತು, ತಾಳೆಹಣ್ಣಿನ ಸಾರಿನ ಜೊತೆ ಒಂದೇ ಬೋಗುಣಿಯಲ್ಲಿ ಮನೆಮಂದಿಯೆಲ್ಲ ಕೈಹಾಕಿ ಉಂಡರು. ಉಂಡ ಮರುದಿನ ಬೆಳಗಿನ ಜಾವ ನಮ್ಮಲ್ಲಿ ಅಳುತ್ತಾರೆ. ಕಳೆದ ಹಬ್ಬಕ್ಕಿದ್ದು ಈ ಹಬ್ಬಕ್ಕಿಲ್ಲದವರನ್ನು ಹೆಸರು ಹಿಡಿದು ಕರೆದು, ಮನೆಮನೆಯ ಅಂಗಳದಲ್ಲಿ ಹೆಂಗಸರು ಅಳುತ್ತಾರೆ. ಅತ್ತು ಮುಗಿಸಿ, ಮುಖ ತೊಳೆದು, ಒಬ್ಬರ ಮನೆಗೆ ಒಬ್ಬರು ಹೋಗಿ "ಆಯುಸ್ಸು ತಗೊಳ್ಳಿ" ಎಂದು ಹರಸುತ್ತಾರೆ.

ಕೋರ್ಲೆ ಕತ್ತಲಿರುವಾಗಲೇ ಎದ್ದು ಅಂಗಳದಲ್ಲಿ ಕೂತಿದ್ದಳು. ಎಡಗಡೆ ಮನೆಯಲ್ಲಿ ಮುದುಕನ ಹೆಸರು ಕರೆದು ಅಳುತ್ತಿದ್ದರು. ಎದುರು ಮನೆಯಲ್ಲಿ ಒಂದು ಹಸುಗೂಸಿನ ಹೆಸರು. ಅದರಾಚೆ ಸಮುದ್ರದಿಂದ ಹಿಂತಿರುಗದ ಇಬ್ಬರು ಅಣ್ಣತಮ್ಮಂದಿರ ಹೆಸರು. ಅವಳು ಎಲ್ಲವನ್ನೂ ಕೇಳಿಸಿಕೊಂಡು ಕೂತಿದ್ದಳು. ಆಮೇಲೆ ಎದ್ದು, ಮಲಗಿದ್ದ ತೇಕೊನನ್ನು ಎಬ್ಬಿಸಿ, ಅವನ ಮಣಿಕಟ್ಟು ಹಿಡಿದುಕೊಂಡು ಹೊರಟಳು.

"ಎಲ್ಲಿಗಮ್ಮಾ? ಇನ್ನೂ ಅಳು ಮುಗಿದಿಲ್ಲ. ಈಗ್ಲೇ ಯಾರ ಮನೆಗೂ ಹೋಗ್ಬಾರ್ದು."

"ಗೊತ್ತು. ನಡಿ."

ಓದಾರ್ತೆಯ ಮನೆಯ ಬಾಗಿಲು ತೆರೆದಿತ್ತು. ಅವನು ಒಳಗೆ ಬರಿಮೈಯಲ್ಲಿ ಚಾಪೆಯ ಮೇಲೆ ಕೂತಿದ್ದ. ಇವರನ್ನು ಕಂಡು ಗಾಬರಿಯಾಗಿ ಎದ್ದ. ಈ ಹೊತ್ತಿನಲ್ಲಿ ಬರುವವರು ಒಳ್ಳೆಯ ಸುದ್ದಿ ತರುವುದಿಲ್ಲ.

"ಏನಾಯ್ತು ಅಮ್ಮಾ?"

ಕೋರ್ಲೆ ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬುಟ್ಟಿ ಹೊತ್ತು ಹೊತ್ತು ಗಂಟುಗಂಟಾದ ಕೈ. ಅದನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಕೇರಿಯನ್ನೆಲ್ಲ ನಾಲಿಗೆಯಲ್ಲೇ ಹುರಿಯುವವಳಿಗೆ ಆಗ ನಾಲಿಗೆ ಹೊರಳಲಿಲ್ಲ.

"ಬೀದಿಯಲ್ಲೆಲ್ಲ ಅಳ್ತಿದಾರೆ ಮಗಾ," ಎಂದಳು ಕೊನೆಗೆ. "ನಂಗೆ ಕರೆದು ಅಳೋಕೆ ಹೆಸರೇ ಇಲ್ಲ. ಯಾರ ಹೆಸರು ಕರೀಬೇಕಾಗಿತ್ತೋ ಅವನು ಇಗೋ, ಇಲ್ಲೇ ನಿಂತು ಆಕಳಿಸ್ತಾ ಇದ್ದಾನೆ."

ಅಷ್ಟು ಹೇಳಿ, ಅವನ ಕೈಯನ್ನು ಬಿಡದೆ, ಅವಳು ಅಳತೊಡಗಿದಳು.