ಸಿಹಿನೀರ ಬಾವಿಯ ಆಮೆ

ನಾನು ಆಮೆ. ಹುಟ್ಟಿದ್ದು ಡೋಣಿ ನದಿಯ ದಂಡೆಯ ಮರಳಿನಲ್ಲಿ. ಚಿಪ್ಪು ಗಟ್ಟಿಯಾಗುವ ಮೊದಲೇ ಚನಮಲ್ಲಗೌಡರು ನನ್ನನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದು ತಮ್ಮ ಬಾವಿಗೆ ಬಿಟ್ಟರು. ಆಮೆ ಇದ್ದರೆ ಹುಳಹುಪ್ಪಟೆ ತಿಂದು ನೀರನ್ನು ಚೊಕ್ಕಟವಾಗಿಡುತ್ತದೆ ಎಂದು ಅವರ ನಂಬಿಕೆ. ನನ್ನನ್ನು ಯಾರೂ ಕೇಳಲಿಲ್ಲ.

ಚೌಕನೆಯ ಕಲ್ಲಿನ ಬಾವಿ. ಒಂದು ಬದಿಗೆ ಮೆಟ್ಟಿಲುಗಳಿದ್ದವು. ಹತ್ತಲು ಹೋದೆ, ಬೆನ್ನಡಿಯಾಗಿ ಬಿದ್ದೆ. ಮತ್ತೆ ಹತ್ತಿದೆ, ಮತ್ತೆ ಬಿದ್ದೆ. ಕೆಲವು ಮಳೆಗಾಲ ಕಳೆದ ಮೇಲೆ ಹತ್ತುವುದನ್ನೇ ಬಿಟ್ಟೆ.

ಆ ಸೀಮೆಯಲ್ಲಿ ಮಳೆ ಕಡಿಮೆ, ನದಿಯ ನೀರು ಉಪ್ಪು. ಎಲ್ಲಿ ಅಗೆದರೂ ಸವಳು. ಸಿಹಿನೀರು ಸಿಕ್ಕಿದ್ದು ಗೌಡರ ಅಜ್ಜ ತೋಡಿಸಿದ ಈ ಬಾವಿಯಲ್ಲಿ ಮಾತ್ರ. ಊರು ಬೆಳೆದದ್ದು ಅದರ ಸುತ್ತ. ಬಾವಿ ಗೌಡರದಾದ್ದರಿಂದ ಊರಲ್ಲಿ ಮಾತೂ ಅವರದೇ. ಮೆಟ್ಟಿಲು ಯಾರು ಇಳಿಯಬೇಕು, ಮೇಲೆಯೇ ಯಾರು ನಿಲ್ಲಬೇಕು ಎಂದು ಅವರೇ ಹೇಳುತ್ತಿದ್ದರು.

ಮೇಲೆ ನಿಲ್ಲುವವರಲ್ಲಿ ಯಮನವ್ವ ಒಬ್ಬಳು. ಮುಟ್ಟಬಾರದವರೆಂದು ಊರು ಹೊರಗಿಟ್ಟಿದ್ದ ಕೇರಿಯ ಸೊಸೆ. ಇಳಿದವರು ಕೊಡ ತುಂಬಿ ತಂದು, ಮನಸ್ಸು ಬಂದರೆ, ಅವಳ ಕೊಡಕ್ಕೆ ಎತ್ತರದಿಂದ ಸುರಿಯುತ್ತಿದ್ದರು. ನನಗೆ ಮೇಲೆ ಹೋಗಲಾಗದು, ಅವಳಿಗೆ ಕೆಳಗೆ ಬರಲಾಗದು. ಒಬ್ಬರನ್ನೊಬ್ಬರು ನೋಡುತ್ತ ಇದ್ದೆವು.

ಒಂದು ಬೇಸಿಗೆಯ ಮಧ್ಯಾಹ್ನ ಅವಳು ಓಡುತ್ತ ಬಂದಳು.

"ಯಾರರ ಅದೀರೇನ್ರೆವ್ವಾ? ಕೂಸಿಗೆ ವಾಂತಿಭೇದಿ ಹತ್ತೇತಿ. ಒಂದ ತಂಬಿಗಿ ನೀರ ಹಾಕ್ರಿ."

ಬಾವಿಯಲ್ಲಿ ನಾನೊಂದೇ ಇದ್ದೆ. ಅವಳು ಒಮ್ಮೆ ಬೀದಿಯತ್ತ ತಿರುಗಿ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಇಳಿದೇಬಿಟ್ಟಳು. ಕೊಡ ಮುಳುಗಿಸಿ ತುಂಬಿಕೊಂಡಳು.

ಹತ್ತುವಾಗ ಗೌಡರ ಹೆಂಡತಿ ನೀಲಗಂಗವ್ವ ಎದುರಾದರು.

"ಯಾರ್ನ ಕೇಳಿ ಇಳದಿ?"

"ಕೇಳಾಕ ಯಾರೂ ಇರ್ಲಿಲ್ರೆವ್ವಾ."

"ಕೊಡಾ ಅಲ್ಲೇ ಇಡು."

ಯಮನವ್ವ ಇಡಲಿಲ್ಲ. ಗೋಡೆಗೆ ಮೈ ಒತ್ತಿಕೊಂಡು, ಅವರನ್ನು ದಾಟಿ ಹೋದಳು. ಕೂಸು ಉಳಿಯಿತೆಂದು ಆಮೇಲೆ ಹೆಂಗಸರ ಮಾತಿನಲ್ಲಿ ಕೇಳಿದೆ.

ಬಾವಿ ಮೈಲಿಗೆಯಾಯಿತೆಂದು ಗೌಡರು ಎಂಜಿನ್ ಹಚ್ಚಿ ನೀರನ್ನೆಲ್ಲ ಹೊರಹಾಕಿಸಿದರು. ಕೆಸರಿನಲ್ಲಿ ಬಾಯಿ ತೆರೆದು ಬಿದ್ದಿದ್ದ ನನ್ನ ನೆನಪು ಯಾರಿಗೂ ಆಗಲಿಲ್ಲ. ನೀರು ಮತ್ತೆ ಊರಿತು, ಆದರೆ ಮೈಲಿಗೆ ಹೋಗಲಿಲ್ಲವೆಂದು ಗೌಡರ ಮನೆಯವರು ಬರಲಿಲ್ಲ. ಹಿತ್ತಲಲ್ಲೇ ಆಳಕ್ಕೆ ಬೋರ್ ಕೊರೆಸಿ, ಬಾವಿಯ ಸಿಹಿ ಸೆಲೆಯನ್ನೇ ಹಿಡಿದರು. ಅವರು ಬಿಟ್ಟ ಬಾವಿಗೆ ಕೇರಿಯವರು ಇಳಿಯತೊಡಗಿದರು. ಯಮನವ್ವ ಮೆಟ್ಟಿಲ ಮೇಲೆ ಕುಳಿತು ನನಗೆ ರೊಟ್ಟಿಯ ಚೂರು ಹಾಕುತ್ತಿದ್ದಳು. ನನ್ನ ಒಳ್ಳೆಯ ದಿನಗಳು ಅವೇ.

ಅವು ಬಹಳ ಉಳಿಯಲಿಲ್ಲ. ಗೌಡರ ಬೋರ್ ನೋಡಿ ಉಳ್ಳವರೆಲ್ಲ ಕೊರೆಸಿದರು. ನೆಲದಾಳದ ನೀರು ಅತ್ತ ಹೋಯಿತು, ಬಾವಿ ತಳ ಕಂಡಿತು. ಕೇರಿಯವರ ಕೈಗೆ ಬಂದ ಕೆಲವೇ ದಿನಗಳಲ್ಲಿ ಅದರಲ್ಲಿ ನೀರೇ ಇಲ್ಲವಾಯಿತು. ನಾನು ಕೆಸರಿನಲ್ಲಿ ಹೂತುಕೊಂಡೆ. ಮೇಲಿನ ಕೆಸರು ಒಣಗಿ ಬಿಗಿಯಿತು. ಕಾಲು ಚಾಚಲೂ ಎಡೆಯಿರಲಿಲ್ಲ. ಹಗಲು ರಾತ್ರಿ ಒಂದೇ ಕತ್ತಲು. ಒಮ್ಮೊಮ್ಮೆ ಮಳೆ ಬಂದು ಮಣ್ಣು ಸಡಿಲಾಗುತ್ತಿತ್ತು, ಉಸಿರಾಡಿ ಮತ್ತೆ ಹೂತುಕೊಳ್ಳುತ್ತಿದ್ದೆ.

ಹೀಗೆ ಎಷ್ಟೋ ವರ್ಷ ಕಳೆದ ಮೇಲೆ ಒಂದು ದಿನ ಗುದ್ದಲಿ ಚಿಪ್ಪಿಗೆ ತಾಗಿತು. ಆ ವರ್ಷ ಕೃಷ್ಣಾ ನದಿಯ ನೀರನ್ನು ಕಾಲುವೆಯಲ್ಲಿ ತಂದು ಊರಿನ ಒಣಗಿದ ಕೆರೆ ತುಂಬಿಸಿದ್ದರು. ಬಾವಿಗೂ ಜಲ ಬಂದೀತೆಂದು ಯಮನವ್ವ ಸೊಸೆ ದುರ್ಗವ್ವನ ಜೊತೆ ಹೂಳೆತ್ತಲು ಇಳಿದಿದ್ದಳು. ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು.

"ಅತ್ತಿ, ಕಲ್ಲ ಸಿಕ್ತು."

"ಕಲ್ಲಲ್ಲದು, ನಮ್ಮ ಆಮಿ. ಜೀವ ಐತಿ ನೋಡು. ಕೆರ್ಯಾಗ ಬಿಟ್ಟ ಬರೂನು."

"ಬಾವಿಗೆ ನೀರ ಬಂದ್ರ ಆಮಿ ಬೇಕಲ್ರಿ?"

"ಬ್ಯಾಡ. ಸಾಕಷ್ಟ ದಿನಾ ಕುಂತೈತಿ ಇಲ್ಲೆ."

ನನ್ನನ್ನು ಸೆರಗಿನಲ್ಲಿ ಸುತ್ತಿಕೊಂಡು ಅವಳು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಳು. ಕೆರೆಯ ದಂಡೆಯಲ್ಲಿ ಇಳಿಸಿ, "ಹೋಗು, ತಡಿಯವ್ರು ಯಾರೂ ಇಲ್ಲ" ಎಂದಳು.

ಈಗ ನನಗೆ ವಯಸ್ಸಾಗಿದೆ. ಕೆರೆಯ ಆಚೆ ದಡ ನನ್ನ ಕಣ್ಣಿಗೆ ಕಾಣುವುದಿಲ್ಲ. ಆದರೂ ನಾಲ್ಕು ಮಾರು ಈಜಿದೊಡನೆ ಕಾಲು ತಾನಾಗಿ ಹೊರಳುತ್ತದೆ, ಎದುರಿಗೆ ಕಲ್ಲಿನ ಗೋಡೆ ಇರುವ ಹಾಗೆ. ಮುಂದೆ ಹೋಗಲು ಭಯವಲ್ಲ, ಮುಂದೆಯೂ ನೀರು ಇದೆ ಎಂಬುದೇ ನಂಬಿಕೆಯಾಗುವುದಿಲ್ಲ.

ಯಮನವ್ವ ಬಟ್ಟೆ ಒಗೆಯಲು ಬರುತ್ತಾಳೆ. ದಂಡೆಯಲ್ಲಿ ಊರ ಹೆಂಗಸರಿದ್ದರೆ ತುಸು ದೂರದಲ್ಲೇ ನಿಂತುಬಿಡುತ್ತಾಳೆ. ಬೇಡವೆಂದು ಯಾರೂ ಅಂದಿರುವುದಿಲ್ಲ.

"ಅತ್ತಿ, ಯಾಕ ನಿಂತ್ರಿ? ಇಳೀರಿ" ಎಂದು ದುರ್ಗವ್ವ ಕರೆಯುತ್ತಾಳೆ. ಆಗ ಅವಳು ನೀರಿಗೆ ಇಳಿಯುತ್ತಾಳೆ.

ನನ್ನನ್ನು ಹಾಗೆ ಕರೆಯುವವರು ಯಾರೂ ಇಲ್ಲ.