ಊರ ದೇವರ ಎಣ್ಣೆ

ಅರುಣ್ ಅಂಗಡಿಯ ಎಣ್ಣೆ ಟಿನ್ನಿನ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಮೀಟುತ್ತಿದ್ದಾಗ ಅವನ ತಾಯಿ ಸರೋಜಮ್ಮ ಅಡ್ಡ ಬಂದರು.

"ಅದು ಬೇಡ ಕಣೋ. ದೇವರ ಕೋಣೇಲಿ ಎಳ್ಳೆಣ್ಣೆ ಇದೆ, ಅದನ್ನ ತಗೊಂಬಾ."

"ಸುಮ್ನಿರಮ್ಮ. ನಡುಮನೆ ತುಂಬ ಜನ ಕೂತಿದಾರೆ."

ಜನವೇನೋ ಕೂತಿದ್ದರು. ಆಲ್ದೂರಿನ ದೀಪದೆಣ್ಣೆ ವ್ಯಾಪಾರಿ ಗುರುವಯ್ಯ ಬೆಳಗಿನ ಜಾವ ಸತ್ತಿದ್ದ. ಲಿಂಗಾಯತರ ಪದ್ಧತಿಯಂತೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆತುಂಬ ವಿಭೂತಿ ಬಳಿದು, ಕೊರಳಿಗೆ ಹಾರ ಹಾಕಿದ್ದರು. ಬದುಕಿದ್ದಾಗ ಗಲ್ಲಾಪೆಟ್ಟಿಗೆಯ ಹಿಂದೆ ಕೂರುತ್ತಿದ್ದ ಹಾಗೆಯೇ ಕೂತಿದ್ದ, ಬಾಯಿ ಮಾತ್ರ ಮುಚ್ಚಿತ್ತು. ಮುಂದೆ ಎರಡು ದೀಪ ಹಚ್ಚಬೇಕಿತ್ತು. ಯಾವ ಎಣ್ಣೆ ಎಂಬುದಕ್ಕೇ ಅಡುಗೆಮನೆಯಲ್ಲಿ ತಾಯಿಗೂ ಮಗನಿಗೂ ಜಗಳ.

"ಕಾರ್ತಿಕ ದೀಪೋತ್ಸವಕ್ಕೆ ಎಣ್ಣೆ ಯಾರದ್ದು ಅಂತ ದೇವಸ್ಥಾನದವ್ರು ಇನ್ನೂ ಹೇಳಿಲ್ಲ," ಎಂದ ಅರುಣ್. "ಆಗ್ಲೇ ಗುಸುಗುಸು ಇದೆ. ನಮ್ಮನೇಲೇ ಬೇರೆ ಎಣ್ಣೆ ಹಚ್ಚಿದ್ರು ಅಂತಾದ್ರೆ ಅಂಗಡಿ ಬಾಗಿಲು ಹಾಕಿದ ಹಾಗೇ."

"ನಿಮ್ಮಪ್ಪ ಈ ಎಣ್ಣೇನ ನಮ್ಮ ದೇವರ ಕೋಣೆ ಹೊಸ್ತಿಲು ದಾಟಿಸೋಕೂ ಬಿಟ್ಟೋರಲ್ಲ. ಹೋಗೋ ಹೊತ್ತಿಗೆ ಅವರನ್ನಾದ್ರೂ ಶುದ್ಧವಾಗಿ ಕಳಿಸೋಣ. ನನಗೆ ನಾಚಿಕೆ ಆಗುತ್ತೆ."

ಗಂಡನ ಮೇಲಿನ ಪ್ರೀತಿಗೆ ಅವರು ಹಾಗೆ ಹೇಳಲಿಲ್ಲ. ಅಂಥ ಪ್ರೀತಿ ಉಳಿದಿರಲೂ ಇಲ್ಲ. ಅವನ ಅಂಗಿಗಳನ್ನು ವರ್ಷಗಟ್ಟಲೆ ಸೀಗೆಪುಡಿ ಹಾಕಿ ತಿಕ್ಕಿದವರು ಅವರು, ಅವಕ್ಕೆ ಹತ್ತಿದ್ದು ಏನು ವಾಸನೆ ಎಂದು ಅವರಿಗೆ ಗೊತ್ತಿತ್ತು.

*

ಕಾಫಿ ಗಿಡದ ಹಿಟ್ಟುತಿಗಣೆಗೆ ಹೊಡೆಯುವ ಸೋಪು ಮಾಡುತ್ತೇನೆಂದು ಹೇಳಿ ಗುರುವಯ್ಯ ಹೊರದೇಶದ ಮೀನೆಣ್ಣೆ ತರಿಸಿದ್ದು ತೊಂಬತ್ತೆಂಟರಲ್ಲಿ. ಡ್ರಮ್ಮುಗಳು ಮಂಗಳೂರಿಗೆ ಹಡಗಿನಲ್ಲಿ ಬರುತ್ತಿದ್ದವು, ಅಲ್ಲಿಂದ ಹಬೀಬುರ್ರಹ್ಮಾನರ ಲಾರಿಯಲ್ಲಿ ಚಾರ್ಮಾಡಿ ಹತ್ತುತ್ತಿದ್ದವು. ಮೊದಲೆರಡು ವರ್ಷ ಸೋಪು ಮಾಡಿದ್ದೂ ಉಂಟು. ಆಮೇಲೆ ಕಾಫಿ ರೇಟು ನೆಲ ಕಚ್ಚಿತು. ಎಸ್ಟೇಟಿನವರು ಸ್ಪ್ರೇ ಹೊಡೆಸುವುದನ್ನೇ ಬಿಟ್ಟರು, ಗುರುವಯ್ಯ ಮಾತ್ರ ಡ್ರಮ್ಮು ತರಿಸುವುದನ್ನು ಬಿಡಲಿಲ್ಲ.

ಒಂದು ಮಧ್ಯಾಹ್ನ ಅಧಿಕಾರಿಯೊಬ್ಬ ಗೋಡೌನಿಗೆ ಬಂದು ಡ್ರಮ್ಮುಗಳ ಸುತ್ತ ತಿರುಗಿದ.

"ಮನುಷ್ಯರ ಸೇವನೆಗಲ್ಲ ಅಂತ ಪ್ರತಿ ಡ್ರಮ್ಮಿನ ಮೇಲೂ ಇರ್ಬೇಕು. ಸೋಪು ಬಿಟ್ಟು ಬೇರೆ ಯಾವುದಕ್ಕೂ ಬಳಸೋ ಹಾಗಿಲ್ಲ, ಹಾಗೇ ಮಾರೋ ಹಾಗೂ ಇಲ್ಲ. ಆ ಷರತ್ತಿನ ಮೇಲೇ ಇದನ್ನ ದೇಶದೊಳಕ್ಕೆ ಬಿಟ್ಟಿರೋದು."

"ನೋಡಿ ಸ್ವಾಮಿ, ಒಂದಕ್ಷರ ಅಳಿಸಿಲ್ಲ," ಎಂದು ಗುರುವಯ್ಯ ಕೈಮುಗಿದ.

ಅಕ್ಷರ ಅಳಿಸಿರಲಿಲ್ಲ, ನಿಜ. ಅಧಿಕಾರಿಯ ಜೀಪು ತಿರುವು ದಾಟಿದ ಮೇಲೆ ಹಿಂದಿನ ಕೋಣೆಯ ಬೀಗ ತೆಗೆದ. ಅಲ್ಲಿ ಮೀನೆಣ್ಣೆಗೆ ಕರ್ಪೂರ, ನಿಂಬೆಹುಲ್ಲಿನ ಎಣ್ಣೆ ಬೆರೆಸಿ ದೀಪದೆಣ್ಣೆಯ ಟಿನ್ನುಗಳಿಗೆ ತುಂಬುತ್ತಿದ್ದರು.

ಡ್ರಮ್ಮು ಇಳಿಸಲು ಬಂದಿದ್ದ ಹಬೀಬರಿಗೆ ತಡೆಯಲಾಗಲಿಲ್ಲ. "ಐನೋರೆ, ಇದು ದೇವಸ್ಥಾನಕ್ಕೆ ಹೋಗೋದಲ್ವಾ?"

"ಮನುಷ್ಯರು ತಿನ್ನಬಾರದು ಅಂತ ತಾನೇ ಬರೆದಿರೋದು? ದೇವರು ತಿನ್ನಬಾರದು ಅಂತ ಎಲ್ಲಿದೆ ಮಾರಾಯ?"

"ಸೋಪಿಗೆ ಮಾತ್ರ ಅಂದ್ರಲ್ಲ ಅವ್ರು."

"ಅಂದ್ರು, ಹೋದ್ರು."

ಮೀನು ಬೇಯಿಸುವ ಮನೆ ಎಂದು ಹಬೀಬರ ಮನೆಯಲ್ಲಿ ನೀರನ್ನೂ ಮುಟ್ಟದ ಮಹಾನುಭಾವ ಈತ. ಮುಂದಿನ ತಿಂಗಳಿಂದ ಹಬೀಬರ ಲಾರಿ ಆ ಬಾಡಿಗೆಗೆ ಹೋಗಲಿಲ್ಲ. ಆಲ್ದೂರಿನಿಂದ ಬಾಳೂರಿನವರೆಗಿನ ಗುಡಿಗಳಲ್ಲಿ ಗುರುವಯ್ಯನ ಎಣ್ಣೆ ಉರಿಯುತ್ತಲೇ ಇತ್ತು. ಅವನ ಮನೆ ದೇವರಿಗೆ ಮಾತ್ರ ಚಿಕ್ಕಮಗಳೂರಿನ ಗಾಣದ ಎಳ್ಳೆಣ್ಣೆ.

*

"ಏನ್ ತಡ ಸರೋಜಮ್ಮೋರೆ?" ಎನ್ನುತ್ತ ದೇವಸ್ಥಾನ ಸಮಿತಿಯ ಅಧ್ಯಕ್ಷ ವೆಂಕಟೇಶೇಗೌಡರು ಅಡುಗೆಮನೆ ಬಾಗಿಲಿಗೆ ಬಂದರು. ಟಿನ್ನಿನ ಮುಚ್ಚಳ ಆಗಷ್ಟೇ ಬಿಟ್ಟುಕೊಂಡಿತ್ತು. "ಗುರುವಯ್ಯೋರ ಅಂಗಡಿ ಎಣ್ಣೇನೇ ಹಚ್ಚಿ. ಊರಿಗೆಲ್ಲ ಬೆಳಕು ಕೊಟ್ಟ ಜೀವ."

ಮಾತು ಮುಗಿಯುವ ಮೊದಲೇ ಹೆಗಲ ಟವೆಲ್ಲು ಮೂಗಿಗೆ ಹೋಗಿತ್ತು. ಸರೋಜಮ್ಮ ಆ ಟವೆಲ್ಲನ್ನೇ ನೋಡಿದರು.

"ಗೌಡ್ರೆ, ನಿಮ್ಮನೇಲಿ ದೇವರಿಗೆ ಯಾವ ಎಣ್ಣೆ ಹಚ್ತೀರ?"

"ನಮ್ಮನೇಲಾ... ನಾವು ತುಪ್ಪ ಹಚ್ತೀವಿ."

"ಯಾವಾಗಿಂದ?"

"ಒಂದ್ ನಾಲ್ಕು ವರ್ಷ ಆಗಿರಬಹುದು. ಹೆಂಗಸ್ರು ಯಾಕೋ ತಲೆನೋವು ಅಂತಿದ್ರು." ಗೌಡರು ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ.

ಅಂದರೆ ಇವರಿಗೂ ಗೊತ್ತಿತ್ತು. ಕೊಟ್ಟವನಿಗೆ ಗೊತ್ತು, ಕೊಂಡವರಿಗೂ ಗೊತ್ತು. ಅಗ್ಗಕ್ಕೆ ಸಿಕ್ಕಿತಲ್ಲ ಎಂದು ಸಾಲಾಗಿ ನಿಂತು ಮಂಗಳಾರತಿ ತಗೊಂಡಿದ್ದರು. ಇಷ್ಟು ವರ್ಷ ತಾನೊಬ್ಬಳೇ ಹೊತ್ತ ನಾಚಿಕೆಗೆ ಪಾಲುದಾರರು ಇಷ್ಟು ಜನ ಎಂದು ತಿಳಿದು ಸರೋಜಮ್ಮನಿಗೆ ಥೂ ಅನ್ನಿಸಿತು.

"ಹಚ್ಚೋ ಅರುಣ್," ಎಂದರು. "ಎರಡು ಸಾಲದು. ಅಟ್ಟದಲ್ಲಿರೋ ದೀಪ ಎಲ್ಲಾ ಇಳಿಸು. ತುಂಬಿ ಹಚ್ಚು."

ಮಗ ಸಂತೋಷದಿಂದಲೇ ಇಳಿಸಿದ. ಹೆಣದ ಸುತ್ತ ದೀಪಗಳು ಉರಿದವು. ಬಾಗಿಲು ಕಿಟಕಿ ತೆರೆದಿದ್ದರೂ ಹೊಗೆ ನಡುಮನೆಯಲ್ಲೇ ನಿಂತಿತು. ಕ್ರಿಯೆ ಮಾಡಿಸಲು ಬಂದಿದ್ದ ಮಠದ ಅಯ್ಯನವರು ಕೆಂಡಕ್ಕೆ ಲೋಬಾನ ಸುರಿದರು, ಇನ್ನಷ್ಟು ಸುರಿದರು. ಮಲ್ಪೆಯ ಬಂದರಿನಲ್ಲಿ ಲೋಬಾನ ಹಾಕಿದ ಹಾಗಾಯಿತು.

"ಎಂಥ ಶುದ್ಧ ಮನುಷ್ಯ," ಎಂದರು ಗೌಡರು, ಬಾಯಲ್ಲಿ ಉಸಿರಾಡುತ್ತ. "ಮೊಟ್ಟೆ ಹಾಕಿದ ಬಿಸ್ಕತ್ತನ್ನೂ ಮುಟ್ಟಿದೋರಲ್ಲ."

"ಅಂಥೋರು ಈಗೆಲ್ಲಿ," ಎಂದರು ಪಕ್ಕದವರು.

ಬಾಗಿಲಲ್ಲಿ ನಿಂತಿದ್ದ ಹಬೀಬರು ತಲೆ ತಗ್ಗಿಸಿ ಹೊರಗೆ ಹೋದರು.

ಆಗ ಕಿಟಕಿಯಿಂದ ಬೆಕ್ಕೊಂದು ಧುಮುಕಿತು. ನೆರೆದವರ ಮಧ್ಯೆ ನೆಟ್ಟಗೆ ನಡೆದುಬಂದು ದೀಪಗಳ ನಡುವೆ ಮೂಸಿತು. ಗುರುವಯ್ಯನ ತೊಡೆಯ ಮೇಲೆ ಮುಂಗಾಲಿಟ್ಟು, ಹೊದಿಸಿದ್ದ ಹೊಸ ಪಂಚೆಗೆ ಸಿಡಿದ ಎಣ್ಣೆಯನ್ನು ನೆಕ್ಕತೊಡಗಿತು. ಯಾರೂ ಶೂ ಅನ್ನಲಿಲ್ಲ. ಓಡಿಸಿದರೆ, ಅದು ಯಾಕೆ ಬಂತು ಎಂದು ಯಾರಾದರೂ ಕೇಳಿಬಿಟ್ಟಾರು. ಗೌಡರು ಸೂರಿನ ತೊಲೆ ನೋಡುತ್ತ ಕೂತರು, ಅಯ್ಯನವರು ವಚನದ ದನಿ ಏರಿಸಿದರು.

ಅರುಣ್ ಎದ್ದುನಿಂತ.

"ಕೂತ್ಕೊಳೋ," ಎಂದರು ಸರೋಜಮ್ಮ. ಕಾಲು ಮಡಚಿಕೊಂಡು, ಬಾಗಿಲಲ್ಲಿ ಅನುಮಾನಿಸುತ್ತ ನಿಂತಿದ್ದ ಇನ್ನೊಂದು ಬೆಕ್ಕಿಗೆ ದಾರಿ ಬಿಟ್ಟರು.